ಎರಡನೆಯ ಜೋಡಿ

ಹೆಸರು ಹೇಳಿಕೊಳ್ಳುವ ಮೊದಲೇ ಅವನು ನನ್ನ ಸೊಂಟ ಹಿಡಿದಿದ್ದ. ತಪ್ಪು ತಿಳಿಯಬೇಡಿ, ಹಾಗೆ ಹಿಡಿಯುವುದಕ್ಕೆ ಅವನಿಗೂ ಹಿಡಿಸಿಕೊಳ್ಳುವುದಕ್ಕೆ ನನಗೂ ಸಂಬಳವಿತ್ತು.

"ಇನ್ನೂ ಹತ್ತಿರ," ಎಂದು ಕ್ಯಾಮೆರಾದ ಹಿಂದಿನಿಂದ ಓಟ್ಮಾರ್ ಕೂಗಿದ. ವಿಯೆನ್ನಾದಿಂದ ಬಂದ ಮುದುಕ ಛಾಯಾಗ್ರಾಹಕ. ಅವನು ಮನುಷ್ಯರನ್ನು ನೋಡುತ್ತಿರಲಿಲ್ಲ, ಅವರ ಮೇಲೆ ಬಿದ್ದ ನೆರಳನ್ನು ನೋಡುತ್ತಿದ್ದ.

ನಾನು ಹತ್ತಿರ ಸರಿದೆ.

"ನಾನು ಹಾಲಿಸ್," ಅಂದ ಅವನು, ನನ್ನ ಕಿವಿಯ ಬಳಿ.

"ನೋರೀನ್," ಅಂದೆ, ಅವನ ಟೈ ನೋಡಿಕೊಂಡು. "ನಿಮ್ಮ ಕೈ ಐಸ್ ಥರ ಇದೆ."

"ಕ್ಷಮಿಸಿ. ಇನ್ನೊಂದು ಕೈ ಬೆಚ್ಚಗಿದೆ. ಆದ್ರೆ ಅದ್ರಲ್ಲಿ ಪಿಸ್ತೂಲು ಹಿಡ್ಕೋಬೇಕಂತೆ."

"ಬಾಯಿ ಮುಚ್ರಿ ಇಬ್ರೂ! ಗದ್ದ ಅಲ್ಲಾಡ್ತಿದೆ!"

ನಮ್ಮ ಕೆಲಸ ಇಷ್ಟೇ. ಒಂದು ದೃಶ್ಯಕ್ಕೆ ಲೈಟು ಹೊಂದಿಸಲು ಮುಕ್ಕಾಲು ಗಂಟೆ ಬೇಕು. ಅಷ್ಟು ಹೊತ್ತು ನಿಲ್ಲಿಸಿದರೆ ನಾಯಕಿಯ ಮೇಕಪ್ಪೂ ಕೆಡುತ್ತದೆ, ಮೂಡೂ ಕೆಡುತ್ತದೆ. ಅದಕ್ಕೆ ಅವಳಷ್ಟೇ ಎತ್ತರದ, ಅವಳದೇ ಬಣ್ಣದ ಕೂದಲಿನ ಒಬ್ಬಳನ್ನು ತಂದು ನಿಲ್ಲಿಸುತ್ತಾರೆ. ಮಿಸ್ ಗ್ವೆನ್ ಡೆಂಟ್ ಬದಲಿಗೆ ನಾನು, ನಾಯಕನ ಬದಲಿಗೆ ಹಾಲಿಸ್. ಸ್ಟುಡಿಯೋದಲ್ಲಿ ನಮ್ಮನ್ನು ಎರಡನೆಯ ಜೋಡಿ ಅಂತಲೇ ಕರೆಯುತ್ತಿದ್ದರು. ಎಲ್ಲ ಸರಿಹೋದ ಮೇಲೆ "ಮೊದಲ ಜೋಡಿ!" ಎಂದು ಕೂಗು ಬೀಳುತ್ತಿತ್ತು. ನಾವು ಎರಡು ಬೆರಳು ದೂರದಲ್ಲಿ ಬಿಟ್ಟುಹೋದ ಮುತ್ತನ್ನು ಅವರು ಬಂದು ಮುಗಿಸುತ್ತಿದ್ದರು.

ಲಾಸ್ ಏಂಜಲೀಸಿಗೆ ಬಂದು ನನಗೆ ಆರು ವರ್ಷವಾಗಿತ್ತು. ಬಂಕರ್ ಹಿಲ್ಲಿನಲ್ಲಿ ಒಂದು ಬಾಡಿಗೆ ಕೋಣೆ, ಗೋಡೆಯೊಳಗಿನ ಮಡಿಚುವ ಹಾಸಿಗೆ ಎಳೆದರೆ ಬಾಗಿಲು ತೆರೆಯದು. ಭಾನುವಾರ ಯಾರ ಹತ್ತಿರವೂ ಒಂದು ಮಾತಾಡದೆ ಸಂಜೆಯಾಗಿಬಿಡುತ್ತಿತ್ತು. ಆಗ ಸಿನಿಮಾಕ್ಕೆ ಹೋಗುತ್ತಿದ್ದೆ, ನಾನೇ ನಿಂತ ಸಿನಿಮಾಕ್ಕೆ. ಪರದೆಯ ಮೇಲಿನ ಆ ಬೆಳಕು ನನ್ನ ಕೆನ್ನೆಗೆ ಅಳೆದದ್ದು. ಮುಖ ಮಾತ್ರ ಬೇರೆಯವಳದು. ಪಕ್ಕದ ಸೀಟಿನವರಿಗೆ ಹೇಳಬೇಕೆನಿಸುತ್ತಿತ್ತು, ಯಾವತ್ತೂ ಹೇಳಲಿಲ್ಲ.

ನಾವಿಬ್ಬರೂ ಜೊತೆಗೆ ನಿಂತದ್ದರಲ್ಲಿ ಮೊದಲನೆಯದು ಪತ್ತೇದಾರಿ ಸಿನಿಮಾ. ಓಟ್ಮಾರ್ ಪ್ರತಿ ಸಲವೂ ರಸ್ತೆಗೆ ಪೈಪಿನಲ್ಲಿ ನೀರು ಹೊಡೆಸುತ್ತಿದ್ದ. "ಒಣ ರಸ್ತೇಲಿ ಪಾಪ ಮಾಡಿದ್ರೆ ಯಾರೂ ನಂಬಲ್ಲ," ಅನ್ನುತ್ತಿದ್ದ. ಕಿಟಕಿಯ ಪಟ್ಟಿಗಳ ನೆರಳು ನಮ್ಮ ಮುಖದ ಮೇಲೆ ಗೆರೆ ಗೆರೆಯಾಗಿ ಬೀಳುತ್ತಿತ್ತು. ಆ ನೆರಳಿನಲ್ಲಿ ಹಾಲಿಸ್ ಬೇರೆಯೇ ಮನುಷ್ಯನಾಗುತ್ತಿದ್ದ. ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡು ತುಟಿಯ ಅಂಚಿನಿಂದ ಮಾತಾಡುತ್ತಿದ್ದ.

"ನಿನ್ನಂಥವಳನ್ನ ನಂಬಬಾರ್ದು, ಚಿನ್ನ."

"ನಾನೇನು ಮಾಡ್ದೆ?"

"ಇನ್ನೂ ಏನೂ ಮಾಡಿಲ್ಲ. ಅದೇ ಅನುಮಾನ."

ನಗು ತಡೆದುಕೊಂಡು ನನ್ನ ಹೊಟ್ಟೆ ನೋಯುತ್ತಿತ್ತು. ಆ ಟೋಪಿಯ ಕೆಳಗಿನ ಕಂದು ಕಣ್ಣುಗಳಿಗೆ ಮಾತ್ರ ಗದರುವುದು ಗೊತ್ತೇ ಇರಲಿಲ್ಲ. ನೋಡುತ್ತಿದ್ದ, ನಾನು ನೋಡಿದರೆ ಬೇರೆ ಕಡೆ ನೋಡುತ್ತಿದ್ದ. ಮೂರನೆಯ ವಾರದ ಹೊತ್ತಿಗೆ ನನಗೆ ಬೆಳಗಾಗುವುದೇ ತಡವೆನಿಸತೊಡಗಿತು.

ಎರಡನೆಯದು ಕೌಬಾಯ್ ಸಿನಿಮಾ. ನಮ್ಮನ್ನೆಲ್ಲ ಬಸ್ಸಿನಲ್ಲಿ ತುಂಬಿಕೊಂಡು ಲೋನ್ ಪೈನ್ ಎಂಬ ಊರಿನಾಚೆ ಬಂಡೆಗಳ ನಡುವೆ ಇಳಿಸಿದರು. ರಾತ್ರಿಯ ದೃಶ್ಯವನ್ನೂ ನಡುಮಧ್ಯಾಹ್ನವೇ ತೆಗೆಯುತ್ತಿದ್ದರು. ಓಟ್ಮಾರ್ ಲೆನ್ಸಿಗೆ ಒಂದು ಬಣ್ಣದ ಗಾಜು ಹಾಕಿದರೆ ಸುಡುಬಿಸಿಲೇ ಬೆಳದಿಂಗಳು. ಅಲ್ಲಿ ಹಾಲಿಸನ ಬಾಯಿಗೆ ಬೀಗ ಬಿತ್ತು. ದೊಡ್ಡ ಬಯಲು, ದೊಡ್ಡ ಆಕಾಶ, ಅಂಥ ಜಾಗದಲ್ಲಿ ಗಂಡಸಾದವನು ಮೂರು ಮಾತಿಗಿಂತ ಹೆಚ್ಚು ಆಡಬಾರದು ಎಂದು ಅವನಿಗೆ ಯಾರು ಹೇಳಿಕೊಟ್ಟರೋ.

ಆ ವಾರವೇ ಸುದ್ದಿ ಬಂತು. ಮಿಸ್ ಡೆಂಟ್ ಬೋಸ್ಟನ್ನಿನ ಡಾಕ್ಟರೊಬ್ಬನನ್ನು ಮದುವೆಯಾಗಿ ಸಿನಿಮಾ ಬಿಡುತ್ತಾಳಂತೆ, ಇನ್ನೊಂದೇ ಚಿತ್ರವಂತೆ. ಅವಳಿಲ್ಲದಿದ್ದರೆ ನಾನೂ ಇಲ್ಲ. ನನ್ನಷ್ಟು ಉದ್ದದ ನಾಯಕಿ ಆ ಸ್ಟುಡಿಯೋದಲ್ಲಿ ಇನ್ನೊಬ್ಬಳಿರಲಿಲ್ಲ. ಅಯೋವಾದಿಂದ ಅಕ್ಕ ಆಗಲೇ ಕಾಗದ ಬರೆದಿದ್ದಳು, ಬಾ, ನಿನ್ನ ಭಾವನ ಅಂಗಡಿಯಲ್ಲಿ ಮೊಳೆ, ಬಣ್ಣ ಮಾರುವುದಕ್ಕೆ ಒಬ್ಬರು ಬೇಕು ಎಂದು. ಹೋಗಲು ನನಗೆ ಇಷ್ಟವಿರಲಿಲ್ಲ. ಹಾಲಿಸ್ "ಇರು" ಅಂದಿದ್ದರೆ ಇರುತ್ತಿದ್ದೆ. ಅದೊಂದು ಮಾತು ಬೇಕಿತ್ತು ನನಗೆ, ಅವನದೇ ಬಾಯಿಂದ.

"ಇನ್ನೊಂದು ಸಿನಿಮಾ ಆದ್ಮೇಲೆ ಊರಿಗೆ ಹೋಗ್ತೀನಿ," ಎಂದು ಬೆಳದಿಂಗಳಿನಂಥ ಆ ಬಿಸಿಲಿನಲ್ಲಿ ಅವನಿಗೆ ಹೇಳಿದೆ. "ವಾಪಸ್ ಬರಲ್ಲ."

ಅವನು ಬಹಳ ಹೊತ್ತು ಬೆಟ್ಟ ನೋಡಿದ. "ದೂರದ ದಾರಿ, ಅಮ್ಮಾವ್ರೇ," ಅಂದ.

"ಅಷ್ಟೇನಾ?"

"ಹ್ಞೂಂ."

"ನಿನಗಿಂತ ಆ ಕುದುರೆ ವಾಸಿ, ಕೇಳಿದ್ದಕ್ಕೆ ಕಿವಿನಾದ್ರೂ ಆಡಿಸುತ್ತೆ!"

ಅವತ್ತು ಊಟಕ್ಕೆ ನಾನು ಬೇರೆ ಬೆಂಚಿನಲ್ಲಿ ಕೂತೆ. ಅಳು ಬಂತು, ಧೂಳು ಅಂದುಕೊಳ್ಳಲಿ ಎಂದು ಸುಮ್ಮನೆ ಕಣ್ಣೊರೆಸಿಕೊಂಡೆ.

ಮೂರನೆಯದು ಪ್ರೇಮದ ಚಿತ್ರ. ಓಟ್ಮಾರ್ ಲೆನ್ಸಿಗೆ ರೇಷ್ಮೆಯ ಕಾಲುಚೀಲ ಬಿಗಿದ, ಎಲ್ಲರ ಮುಖವೂ ಮಂಜಿನಲ್ಲಿ ತೊಳೆದಂತಾಯಿತು. ಜುಲೈ ತಿಂಗಳ ಸೆಕೆಯಲ್ಲಿ ಸ್ಟುಡಿಯೋದೊಳಗೆ ರೈಲ್ವೆ ಪ್ಲಾಟ್‌ಫಾರ್ಮು, ಅದರ ಮೇಲೆ ಹಿಮ. ಹಿಮವೆಂದರೆ ಬಿಳಿ ಬಣ್ಣ ಬಳಿದ ಕಾರ್ನ್‌ಫ್ಲೇಕ್ಸ್. ಕಾಲಿಟ್ಟರೆ ಕರುಂ ಕುರುಂ.

ಇಲ್ಲಿ ಹಾಲಿಸನಿಗೆ ಮಾತೇ ಮಾತು. ಸ್ಕ್ರಿಪ್ಟ್ ನೋಡಿಕೊಳ್ಳುವ ಮಿಸೆಸ್ ಆಬರ್ಗ್ ಅವರ ಬಳಿ ದಿನದ ಹಾಳೆ ಇಸಿದುಕೊಂಡು ಬಂದು ನನ್ನ ಕಿವಿಯಲ್ಲಿ ಒಪ್ಪಿಸುತ್ತಿದ್ದ. "ಪ್ರಿಯೆ, ನೀನಿಲ್ಲದ ಊರಿಗೆ ವಸಂತ ಬರೋದಿಲ್ಲ," ಅಂದ ಬುಧವಾರ. ನಾನು ನಿಜವೆಂದೇ ನಂಬಿದೆ. ಕಣ್ಣೆತ್ತಿ ನೋಡಿದರೆ, "ತೊಂಬತ್ತೊಂದನೇ ಪುಟ," ಎಂದು ಹಲ್ಲು ಕಿರಿದ. ನಾನೂ ನಕ್ಕೆ. ಕೋಣೆಗೆ ಹೋಗಿ ಟ್ರಂಕ್ ಕಟ್ಟಿದೆ.

ಶುಕ್ರವಾರ ಕೊನೆಯ ದಿನ. ಶನಿವಾರ ಬೆಳಿಗ್ಗೆ ನನ್ನ ಬಸ್ಸು. ಕೊನೆಯ ದೃಶ್ಯ, ರೈಲು ಹೊರಡುವ ಮುನ್ನ ಇಬ್ಬರ ಆಲಿಂಗನ. ಅವನ ಭುಜದ ಮೇಲೆ ನನ್ನ ಗದ್ದ, ಕ್ಯಾಮೆರಾಕ್ಕೆ ನನ್ನ ಬೆನ್ನು.

ಅವನು ಮೆಲ್ಲಗೆ, "ಹೋಗ್ಬೇಡ," ಅಂದ. "ನೀನು ಹೋದ್ರೆ ನಾಳೆ ಬೆಳಿಗ್ಗೆ ಯಾಕೆ ಏಳ್ಬೇಕು ಅಂತ ನಂಗೆ ಗೊತ್ತಿಲ್ಲ."

ಒಂದು ಸಲ ಏಮಾರಿದ್ದೆ, ಎರಡನೆಯ ಸಲ ಏಮಾರಲು ನಾನು ತಯಾರಿರಲಿಲ್ಲ.

"ಇದು ಚೆನ್ನಾಗಿದೆ, ವಸಂತಕ್ಕಿಂತ ವಾಸಿ," ಎಂದು ನಕ್ಕೆ. "ಎಷ್ಟನೇ ಪುಟ?"

ನನ್ನ ಬೆನ್ನ ಮೇಲಿದ್ದ ಅವನ ಕೈ ಸಡಿಲವಾಯಿತು.

"ನೂರಾ ನಾಲ್ಕು," ಅಂದ.

"ಮೊದಲ ಜೋಡಿ!"

ನಾನು ಪಕ್ಕಕ್ಕೆ ಬಂದು ನಿಂತೆ. ನಾಯಕ ಮಿಸ್ ಡೆಂಟಳನ್ನು ತಬ್ಬಿಕೊಂಡು ಹೇಳಿದ್ದು ಇಷ್ಟು: "ಹೋಗು. ತಿರುಗಿ ನೋಡಬೇಡ. ನಿನ್ನ ನೆನಪೇ ನನಗೆ ಸಾಕು." ಎರಡು ಸಲ ತೆಗೆದರು. ಎರಡು ಸಲವೂ ಹೋಗು ಅಂತಲೇ ಅಂದ. ನಾನು ನೇರ ಸ್ಕ್ರಿಪ್ಟಿನ ಮೇಜಿನ ಬಳಿಗೆ ಹೋದೆ.

"ಮಿಸೆಸ್ ಆಬರ್ಗ್, ನೂರಾ ನಾಲ್ಕನೇ ಪುಟ ಸ್ವಲ್ಪ ತೋರಿಸ್ತೀರಾ?"

ಆಕೆ ಕನ್ನಡಕದ ಮೇಲಿಂದ ನೋಡಿದರು. "ನೂರಾ ನಾಲ್ಕಾ? ಕಥೆ ನೂರಾ ಎರಡಕ್ಕೇ ಮುಗಿದುಹೋಯ್ತಲ್ಲಮ್ಮ."

ಹಾಲಿಸ್ ಎಲ್ಲೂ ಕಾಣಲಿಲ್ಲ. ಕೇಬಲ್ಲುಗಳ ನಡುವೆ, ರೈಲಿನ ಹಲಗೆಯ ಗೋಡೆಯ ಹಿಂದೆ, ಎಲ್ಲ ಕಡೆ ಹುಡುಕಿದೆ. ಕಾಲ ಕೆಳಗೆ ಆ ಹಾಳು ಹಿಮ ಕರುಂ ಕುರುಂ ಅನ್ನುತ್ತಿತ್ತು. ಅಷ್ಟು ಹೊತ್ತಿಗೆ ಓಟ್ಮಾರ್ ಕ್ಯಾಮೆರಾವನ್ನು ಆ ಕಡೆಗೆ ತಿರುಗಿಸಿದ್ದ. ಇನ್ನು ನಾಯಕಿಯ ಮುಖ ಬೇಕಿತ್ತು ಅವನಿಗೆ. "ಎರಡನೇ ಜೋಡಿ!" ಎಂದು ಕೂಗಿದರು.

ಹಾಲಿಸ್ ಹೊರಗಿನ ಬಾಗಿಲಿನಿಂದ ಬಂದ. ನನ್ನನ್ನು ನೋಡದೆ ಬಂದು, ಗುರುತು ಹಾಕಿದ್ದ ಜಾಗದಲ್ಲಿ ನಿಂತು, ಸಂಬಳಕ್ಕೆ ತಕ್ಕಷ್ಟೇ ತಬ್ಬಿಕೊಂಡ.

"ನೂರಾ ನಾಲ್ಕನೇ ಪುಟಾನೇ ಇಲ್ವಂತೆ," ಅಂದೆ.

ಅವನ ಕಿವಿ ಕೆಂಪಾಯಿತು. "ಗೊತ್ತು."

"ಮತ್ಯಾಕೆ ಸುಳ್ಳು ಹೇಳ್ದೆ?"

"ನೀನು ನಗ್ತಿದ್ದೆ."

"ಈಗ ನಗ್ತಿಲ್ಲ. ಈಗ ಹೇಳು. ಚಿನ್ನ, ಪ್ರಿಯೆ, ಅಮ್ಮಾವ್ರೇ ಯಾವುದೂ ಬೇಡ. ನಿನ್ನ ಮಾತಲ್ಲಿ ಹೇಳು."

"ನನ್ನ ಮಾತು ಅಂತ ಯಾವುದೂ ಇಲ್ಲ ಕಣೆ," ಅಂದ ಅವನು. "ನಮ್ಮಪ್ಪ ಮನೇಲಿ ಬಾಯೇ ಬಿಡ್ತಿರ್ಲಿಲ್ಲ. ಹೆಂಗಸರ ಹತ್ರ ಹೆಂಗೆ ಮಾತಾಡ್ಬೇಕು ಅಂತ ನಾನು ಕಲ್ತಿದ್ದೇ ಸಿನಿಮಾ ಹಾಲಲ್ಲಿ ಕೂತು. ಆ ಸೆಟ್ ಇಲ್ದಿದ್ರೆ ನಂಗೆ ಬರಲ್ಲ."

"ಹೇ! ಕಣ್ಣಲ್ಲಿ ನೀರು ಬೇಡ, ಮಿಂಚುತ್ತೆ!" ಓಟ್ಮಾರ್ ಅಲ್ಲಿಂದ ಗದರಿದ. ನಿಲ್ಲಿಸು ಅಂದರೆ ನಿಲ್ಲುವ ಕಣ್ಣೀರಾಗಿರಲಿಲ್ಲ ನನ್ನದು.

"ಆದ್ರೂ ಹೇಳು," ಅಂದೆ.

ಹಾಲಿಸ್ ಉಸಿರೆಳೆದುಕೊಂಡ. "ನನ್ನ ರೂಮಲ್ಲಿ ಒಂದು ಒಲೆ ಇದೆ. ಬೀನ್ಸ್ ಬೇಯಿಸೋಕೆ ಬರುತ್ತೆ, ತಳ ಹಿಡಿಯುತ್ತೆ. ದಿನಾ ಗೋಡೆ ನೋಡ್ಕೊಂಡು ತಿಂತೀನಿ. ಕುರ್ಚಿ ಒಂದೇ ಇದೆ. ನೀನು ಇರೋದಾದ್ರೆ ಇನ್ನೊಂದು ತರ್ಬೇಕು." ನನ್ನ ಮುಖ ನೋಡಿ, "ಚೆನ್ನಾಗಿಲ್ಲ, ಅಲ್ವಾ?" ಅಂದ.

ಮೂರು ಸಿನಿಮಾಗಳಲ್ಲಿ ಅಷ್ಟು ಚೆಂದದ ಮಾತನ್ನು ನಾನು ಕೇಳಿರಲಿಲ್ಲ.

"ತರೋಣ," ಅಂದೆ.

ಮೊದಲ ಜೋಡಿಯನ್ನು ಕರೆದರು. ನಾವು ಜಾಗ ಬಿಟ್ಟುಕೊಟ್ಟು ಹೊರಗಿನ ಬಿಸಿಲಿಗೆ ಬಂದೆವು. ನಮ್ಮ ಬಟ್ಟೆಗೆ ಅಂಟಿದ್ದ ಹಿಮವನ್ನು ಒಬ್ಬರದೊಬ್ಬರು ಕೊಡವಿದೆವು.

ಮೇನ್ ಸ್ಟ್ರೀಟಿನ ಹಳೇ ಸಾಮಾನಿನ ಅಂಗಡಿಯಲ್ಲಿ ಹಸಿರು ಬಣ್ಣದ ಒಂದು ಅಡುಗೆಮನೆ ಕುರ್ಚಿ ಸಿಕ್ಕಿತು. ಸಂಜೆ ಐದೂವರೆಯ ಟ್ರಾಮು ಕಿಕ್ಕಿರಿದಿತ್ತು. ಹಾಲಿಸ್ ಕುರ್ಚಿಯನ್ನು ತಲೆಯ ಮೇಲೆ ಎತ್ತಿಕೊಂಡೇ ಒಳಗೆ ನುಗ್ಗಿದ. "ಇದೇನು ನಿಮ್ಮಪ್ಪನ ಮನೆ ಪಡಸಾಲೆನಾ?" ಎಂದು ಹಿಂದಿನಿಂದ ಯಾರೋ ಬೈದರು. ಅವನು ಯಾವ ನಾಯಕನ ಹಾಗೂ ತಿರುಗಿ ಉತ್ತರ ಕೊಡಲಿಲ್ಲ. ಎಲ್ಲರ ಕಾಲುಗಳ ನಡುವೆ ಜಾಗ ಮಾಡಿ ಕುರ್ಚಿ ಇಳಿಸಿದ, ಅಂಗೈಯಿಂದ ಅದರ ಧೂಳು ಒರೆಸಿದ, ಅಲ್ಲಾಡದ ಹಾಗೆ ಬೆನ್ನು ಹಿಡಿದುಕೊಂಡ.

"ಕೂತ್ಕೋ, ನೋರೀನ್," ಅಂದ.

ಆರು ವರ್ಷ ಬೇರೆಯವಳ ಜಾಗದಲ್ಲಿ ನಿಂತವಳು, ಕೂತೆ.