ನಡುಬೆಟ್ಟು ದೊಡ್ಡಮನೆಯ ಪಟ್ಟ

"ಅಣ್ಣಯ್ಯ, ಪ್ರಥಮನ್ನ ಆ ಒಳಕೋಣಿಗ್ ಕಳ್ಸ್‌ಬೇಡ. ನಿನ್ ಕಾಲ್ ಹಿಡಿತೆ."

ಅಂಗಳದ ಬಿಸಿಲಿನಲ್ಲಿ ವನಜ ನಿಜಕ್ಕೂ ಅಣ್ಣನ ಕಾಲು ಹಿಡಿದಳು. ಶಾಸಕ ಯತೀಶ ಹೆಗ್ಡೆ ಕಾಲೆಳೆದುಕೊಂಡ. ಬಿಳಿ ಪಂಚೆಗೆ ತಂಗಿಯ ಬೆವರಿನ ಕೈಯ ಗುರುತು ಹತ್ತಿತೆಂಬುದೇ ಅವನ ಚಿಂತೆ. ಮುಂಬಯಿಯ ಹೋಟೆಲುಗಳನ್ನು ಹೆಂಡತಿಗೆ ಬಿಟ್ಟು ಊರಿಗೆ ಬಂದವನೇ ಚುನಾವಣೆ ಗೆದ್ದಿದ್ದ. ಅಂಥವನಿಗೆ ಇನ್ನೊಬ್ಬರ ಕಣ್ಣೀರು ನೋಡಲು ಪುರುಸೊತ್ತಾದರೂ ಎಲ್ಲಿ?

ಬ್ರಹ್ಮಾವರದ ಒಳನಾಡಿನ ಈ ದೊಡ್ಡಮನೆ ಅಳಿಯಕಟ್ಟಿನದು. ಮಾವನ ಪಟ್ಟ ಅಳಿಯನಿಗೆ, ಅಂದರೆ ಅಕ್ಕತಂಗಿಯರ ಮಗನಿಗೆ ಇಳಿಯಬೇಕು. ಸ್ವಂತ ಮಗನಿಗೆ ಇಲ್ಲಿ ಊಟ ಉಂಟು, ಪಟ್ಟ ಇಲ್ಲ. ಯತೀಶನಿಗೆ ಆ ಕಟ್ಟು ಬೇಡವಾಗಿತ್ತು. ಕೋರ್ಟಿನಲ್ಲಿ ಗೆದ್ದು, ತಂಗಿಯನ್ನೂ ಅವಳ ಮಗ ಸುಮಂತನನ್ನೂ ಹೊರಗೆ ಹಾಕಿದ. ಸುಮಂತ ಕೋಟೇಶ್ವರದ ಬಾಡಿಗೆ ಕೋಣೆಯಲ್ಲಿ ಕಾಮಾಲೆ ಏರಿ ಸತ್ತ. ಮಾವ ಹೆಣ ನೋಡಲೂ ಹೋಗಲಿಲ್ಲ. ಇವತ್ತು ಅದೇ ಪಟ್ಟಕ್ಕೆ ತನ್ನ ಮಗ ಪ್ರಥಮನನ್ನು ಕೂರಿಸಲು ಹೊರಟಿದ್ದ. ದೊಡ್ಡಮನೆಯ ಯಜಮಾನನೆಂದರೆ ಊರು ಕೈಮುಗಿಯುತ್ತದೆ, ಮುಂದಿನ ಚುನಾವಣೆಗೆ ಮಗ ತಯಾರು ಎಂಬ ಹಂಚಿಕೆ.

ವನಜ ದನಿ ತಗ್ಗಿಸಿದಳು. "ಮಗ ಸತ್ತ್ ದಿನ ನಂಗೆ ತಲಿ ಕೆಟ್ಟಿತ್. ಸಿದ್ದಾಪ್ರದ್ ಆಚಿಯ ಮುದ್ಕನ್ ಹತ್ರ ಮಾಟ ಮಾಡ್ಸಿ, ರಾತ್ರಿ ಕದ್ದ್ ಆ ಕೋಣಿ ಹೊಸ್ತಿಲ್ ಅಡಿಗ್ ತಗಡ್ ಹುಗ್ಸ್ದೆ. ಇಲ್ಲಿ ಪಟ್ಟಕ್ಕೆ ದೀಪ ಹಚ್ಚಿದ್ ನಿನ್ ಮಗ, ನಿನ್ ಮಗನಾಗಿ ಹೊರ್ಗ್ ಬಪ್ಪುಕಾಗ ಅಂದ್ಹೇಳಿ. ಮುದ್ಕ ಸತ್ತ್ ಹೋದ. ಬಿಡ್ಸುಕೆ ಯಾರಿಗೂ ಗೊತ್ತಿಲ್ಲ. ಪ್ರಥಮ ಎಂತ ತಪ್ಪ್ ಮಾಡಿದ ಅಣ್ಣಯ್ಯ?"

"ತಾಮ್ರದ್ ತಗಡಾ? ನಾಳೆ ಗುಜರಿಯವ್ನಿಗೆ ಕೊಡ್ತೆ," ಎಂದ ಹೆಗ್ಡೆ. ಹಿಂಬಾಲಕರು ನಕ್ಕರು. ಅವನು ಕೆಮ್ಮಿದರೂ ನಗುವ ಜಾತಿ ಅದು.

ಪಟ್ಟಕ್ಕೆ ಏರುವವನು ಒಳಕೋಣೆಗೆ ಒಬ್ಬನೇ ಹೋಗಿ, ಬಾಗಿಲು ಮುಚ್ಚಿ, ಹಿರಿಯರ ದೀಪ ಹಚ್ಚಿ ಬರಬೇಕು. ಕಿಟಕಿಯಿಲ್ಲದ ಕೋಣೆ. ಬಾಗಿಲು ತೆರೆದದ್ದೇ ಮುಗ್ಗಲು ಭತ್ತ, ಬಾವಲಿ ಹಿಕ್ಕೆ, ಕಮಟು ಎಣ್ಣೆಯ ವಾಸನೆ ಮುಖಕ್ಕೆ ರಾಚಿತು. ಅದರಡಿಯಲ್ಲಿ ಇನ್ನೊಂದು ವಾಸನೆ ಇತ್ತು, ಬಹಳ ದಿನ ಮಲಗಿದ ರೋಗಿಯ ಹಾಸಿಗೆಯದು. ಪ್ರಥಮ ಮೂಗು ಮುಚ್ಚಿಕೊಂಡ. "ಪಪ್ಪಾ, ಎಷ್ಟು ಹೊತ್ತು ಇರಬೇಕು?"

"ದೀಪ ಹಚ್ಚು, ಬಾ. ಅಷ್ಟೇ."

ಬಾಗಿಲು ಮುಚ್ಚಿತು. ಅಂಗಳದಲ್ಲಿ ವಾಲಗ ಶುರುವಾಯಿತು. ಒಳಗೆ ಬೆಂಕಿಕಡ್ಡಿ ಗೀರಿದ ಸದ್ದು. ಮತ್ತೊಂದು. ಮತ್ತೂ ಒಂದು.

"ಪಪ್ಪಾ, ಒಳಗೆ ಯಾರೋ ಇದ್ದಾರೆ."

"ಬಾವಲಿ ಇರಬೇಕು. ಹಚ್ಚು ಮಾರಾಯ."

"ಬಾವಲಿ ಅಲ್ಲ. ಮಲಗಿದ್ದಾನೆ. ಪಪ್ಪಾ, ಬಾಗಿಲು ತೆಗೀರಿ!"

ಬಾಗಿಲು ಅಲುಗಿತು. ಹೆಗ್ಡೆ ತಿರುಗಿ ನೋಡಿದ. ಚಾವಡಿಯ ತುಂಬ ಜನ, ಎತ್ತಿ ಹಿಡಿದ ಮೊಬೈಲು, ಮಾಲೆ ಹಿಡಿದ ಕೈ. ಪಟ್ಟದ ದಿನವೇ ಮಗ ಹೆದರಿ ಓಡಿ ಬಂದರೆ ಮಾನ ಉಳಿದೀತೇ? ಹೊರಗಿನ ಚಿಲಕವನ್ನು ಮೆಲ್ಲನೆ ಹಾಕಿದ. "ಜನ ನೋಡ್ತಿದ್ದಾರೆ. ಹಚ್ಚಿಯೇ ಬಾ," ಎಂದು ಸಂದಿಗೆ ಬಾಯಿಟ್ಟು ಗದರಿಸಿದ.

"ಪಪ್ಪಾ!"

ಉಗುರು ಮರಕ್ಕೆ ಗೀಚಿತು. ಏನೋ ಎಳೆದುಕೊಂಡು ಹೋದ ಸದ್ದು.

"ಪಪ್—"

ಆಮೇಲೆ ಏನೂ ಇಲ್ಲ. ಉಸಿರೂ ಇಲ್ಲ. ಹೆಗ್ಡೆಯ ಕೈ ಚಿಲಕದ ಮೇಲೇ ಉಳಿಯಿತು. ತೆಗೆಯಲು ಹೆದರಿಕೆ. ತೆಗೆಯದಿರಲೂ ಹೆದರಿಕೆ. ಸಂದಿಯಿಂದ ಹಳದಿ ಬೆಳಕು ತೆಳ್ಳಗೆ ಹೊರಬಂತು. ಜೊತೆಗೆ ಒಂದು ಸಮಾಧಾನದ ದನಿ.

"ಮಾವ, ದೀಪ ಹಚ್ಚಿ ಆಯ್ತ್."

ಹೆಗ್ಡೆ ಚಿಲಕ ತೆಗೆದ. ಹೊರಗೆ ಬಂದದ್ದು ಪ್ರಥಮನೇ. ಅದೇ ಗಡ್ಡ, ಅದೇ ರೇಷ್ಮೆ ಜುಬ್ಬ. ಕಣ್ಣಿನ ಬಿಳಿ ಮಾತ್ರ ಅರಿಸಿನ ಹಚ್ಚಿದಷ್ಟು ಹಳದಿ. ತಂದೆಯನ್ನು ಪರಿಚಯದವರನ್ನು ನೋಡುವಂತೆ ನೋಡಿ, ಮಾಲೆ ಹಿಡಿದವರನ್ನು ಸರಿಸಿ, ನೇರ ಅಂಗಳಕ್ಕೆ ಇಳಿದು ವನಜಳ ಮುಂದೆ ನಿಂತ.

"ಅಮ್ಮ, ಊಟಕ್ ಹಾಕ್. ಎಷ್ಟ್ ದಿನ ಆಯ್ತ್ ಉಂಡ್."

"ನಾನ್ ನಿನ್ನ್ ಅತ್ತಿ, ಮಗಾ! ನಿನ್ನ್ ಅತ್ತಿ!" ವನಜ ಎದೆ ಬಡಿದುಕೊಂಡಳು. ಆದರೆ ಅದೇ ಕೈಗಳು ಅವನ ತಲೆ ಸವರತೊಡಗಿದ್ದವು. ಅವಳಿಗೆ ಅದನ್ನು ತಡೆಯಲಾಗಲಿಲ್ಲ.

ಹೆಗ್ಡೆ ಅಂಗಳದ ಮೂಲೆಯ ಹಾರೆ ಎತ್ತಿಕೊಂಡು ಒಳಗೆ ಓಡಿದ. ಹೊಸ್ತಿಲು ಕಿತ್ತ. ಮಣ್ಣು ಬಗೆದ. ಉಗುರು ಒಡೆಯಿತು. ತಗಡು ಸಿಕ್ಕಿತು. ಅಂಗಳಕ್ಕೆ ತಂದು ಹಾರೆಯಿಂದ ಜಜ್ಜಿದ. "ಪ್ರಥಮ್! ನಾನು ಪಪ್ಪಾ ಕಣೋ!" ಎಂದು ಕೂಗಿದ. ಏನೂ ಆಗಲಿಲ್ಲ. ತಂಗಿಯ ಕಾಲಿಗೆ ಬಿದ್ದ. "ಮನೆ ನೀನೇ ಇಟ್ಕೋ ವನಜ, ನನ್ನ ಮಗನ್ನ ಕೊಡು." ಅವಳು ಅಳುತ್ತ ಆಗದೆಂದು ತಲೆಯಾಡಿಸಿದಳು. ಹಿಂಬಾಲಕರು ಆಗಲೇ ಕಾರು ಹತ್ತಿದ್ದರು.

ಅಷ್ಟರಲ್ಲಿ ಅವನ ಫೋನು ಬಡಿಯಿತು. ಮುಂಬಯಿಯಿಂದ ಅಮಿತಾ, ಪ್ರಥಮನ ತಾಯಿ, ವಿಡಿಯೊ ಕರೆ. ಪಟ್ಟಕ್ಕೇರಿದ ಮಗನ ಮುಖ ನೋಡುವ ಆಸೆ ಅವಳದು. ಹೆತ್ತವಳನ್ನು ಕಂಡಾದರೂ ಎಚ್ಚರವಾದೀತೆಂದು ಹೆಗ್ಡೆ ಫೋನನ್ನು ಮಗನ ಮುಖಕ್ಕೆ ಹಿಡಿದ.

ಮಗ ಪರದೆಯ ಮೇಲಿನ ಆ ಮುಖವನ್ನು ಬಹಳ ಹೊತ್ತು, ಮರ್ಯಾದೆಯಿಂದಲೇ ನೋಡಿದ.

"ಈ ಹೆಂಗ್ಸ್ ಯಾರ್, ಮಾವ?"

ತಮಾಷೆ ಎಂದುಕೊಂಡು ಅಮಿತಾ ಗೊಳ್ಳೆಂದು ನಕ್ಕಳು.