ಲಾಯಿತಮ್ಮನ ಪೆನ್ಸಿಲ್

'ಇವತ್ತು ಕಾರ್ಖಾನೆಯಲ್ಲಿ ನಾನು ಆಡಿದ್ದು ಒಟ್ಟು ಹನ್ನೊಂದು ಮಾತು. ಅದರಲ್ಲಿ ಎಂಟು ಬರೀ "ಹೂಂ". ಹೀಗೇ ಆದರೆ ಒಂದು ದಿನ ನನ್ನ ದನಿ ನನಗೇ ಗುರುತು ಸಿಗದೆ ಹೋದರೆ...?'

ಡೈರಿಯಲ್ಲಿ ಇಷ್ಟು ಬರೆದು ಅವಳು ಪೆನ್ಸಿಲ್ ಕಚ್ಚಿದಳು. ಉಳಿದ ಮೂರು ಮಾತು ಯಾವುವೆಂದು ಬರೆಯಲು ನಾಚಿಕೆ. ಅವನ್ನು ಆಡಿದ್ದು ಒಲೆಯವನ ಜೊತೆ.

ಅವಳು ಬಿಸ್ಕತ್ತು ಕಾರ್ಖಾನೆಯ ಕಚೇರಿಯಲ್ಲಿ ಹೊಸ ಗುಮಾಸ್ತೆ. ಸಂಬಳ ಏರಿಕೆಯ ಮಾತುಕತೆಗೆ ಮ್ಯಾನೇಜರ್ ಮತ್ತು ಯೂನಿಯನ್ ಕಾರ್ಯದರ್ಶಿ ಕೂತಾಗಲೆಲ್ಲ ನಡಾವಳಿ ಬರೆದು, ಇಬ್ಬರ ಸಹಿ ಹಾಕಿಸಿ, ನೋಟಿಸ್ ಬೋರ್ಡಿಗೆ ಚುಚ್ಚುವುದು ಅವಳ ಕೆಲಸ. ಸಹಿ ಹಾಕುವ ಮುನ್ನ ಇಬ್ಬರೂ ಅದನ್ನು ಓದಿದ್ದೇ ಇಲ್ಲ. ಕೊನೆಯ ಸಾಲು ಪ್ರತಿ ಸಲ ಒಂದೇ ಆಗಿರುವಾಗ ಓದುವುದೇನಿದೆ?

ಆ ಬೆಳಿಗ್ಗೆ ಏಳನೆಯ ಸಭೆಯ ಹಾಳೆ ಚುಚ್ಚುತ್ತಿದ್ದಾಗ ಬೆನ್ನ ಹಿಂದೆ ಬಿಸಿ ಬೆಣ್ಣೆಯ ವಾಸನೆ ಬಂದಿತ್ತು. ತಿರುಗಿ ನೋಡಿದರೆ ಒಲೆ ವಿಭಾಗದವನು. ಹುಬ್ಬಿನ ಮೇಲೆ ಹಿಟ್ಟು. ಕೈಕಟ್ಟಿ ನಿಂತಿದ್ದ.

"ಮೇಡಂ, ಒಂದು ಡೌಟು. ಈ ಲಾಯಿತು ಅನ್ನೋರು ಯಾರು?"

ಅವಳು ಕಣ್ಣು ಪಿಳಿಪಿಳಿ ಬಿಟ್ಟಳು.

"ಚರ್ಚಿಸಲಾಯಿತು, ಪರಿಶೀಲಿಸಲಾಯಿತು, ಮುಂದೂಡಲಾಯಿತು... ಏಳು ಸಲಾನೂ ಎಲ್ಲಾ ಕೆಲಸ ಅವರೊಬ್ಬರೇ ಮಾಡಿದ್ದಾರೆ. ಮ್ಯಾನೇಜರ್ ಕಡೆಯವರಾ, ಯೂನಿಯನ್ ಕಡೆಯವರಾ? ಸಿಕ್ಕಿದ್ರೆ ಎರಡು ಮಾತು ಕೇಳೋದಿತ್ತು."

ಸುತ್ತ ನಿಂತವರು ನಕ್ಕರು. ಎರಡು ವರ್ಷದಿಂದ ಹಳೆಯ ಸಂಬಳದಲ್ಲೇ ದುಡಿಯುತ್ತಿದ್ದವರ ನಗು ಅದು, ಒಳಗೆ ಸಿಟ್ಟಿತ್ತು.

"ಗೊತ್ತಿಲ್ಲ... ಕ್ಷಮಿಸಿ... ಬರ್ತೀನಿ."

"ಪಾಪದ ಹುಡುಗೀನ ಯಾಕೋ ಗೋಳು ಹೊಯ್ಕೋತೀಯ?" ಎಂದು ಪ್ಯಾಕಿಂಗ್ ಅಕ್ಕ ಅವನನ್ನು ಗದರಿದ್ದು ಅವಳ ಕಿವಿಗೆ ಬಿತ್ತು. ಮಧ್ಯಾಹ್ನದ ಹೊತ್ತಿಗೆ ಅದೇ ಅಕ್ಕನೇ ಅವಳಿಗೆ ಲಾಯಿತಮ್ಮ ಎಂದು ಹೆಸರಿಟ್ಟಿದ್ದಳು.

ಮರುದಿನ ಹಾಳೆಯ ಕೆಳಗೆ ಪೆನ್ಸಿಲಿನ ಒಂದು ಸಾಲಿತ್ತು: 'ಯಾರು ಮುಂದೂಡಿದರು?'

ಅತ್ತಿತ್ತ ನೋಡಿ ಅವಳು ಇರುವೆಯಷ್ಟು ಚಿಕ್ಕದಾಗಿ ಬರೆದಳು: 'ಇಬ್ಬರೂ.'

'ಯಾಕೆ?'

'ಮ್ಯಾನೇಜರ್ ಕುರ್ಚಿಗೆ ಕೈ ಇದೆ. ಕಾರ್ಯದರ್ಶಿ ಕುರ್ಚಿಗೆ ಇಲ್ಲ. ಒಂದು ಗಂಟೆ ಅದೇ ಆಯಿತು.'

'ಸಂಬಳ?'

'ಅದಕ್ಕೆ ಕೈಯೂ ಇಲ್ಲ, ಕಾಲೂ ಇಲ್ಲ.'

ಅಂದು ಒಲೆ ವಿಭಾಗದಿಂದ ಕೇಳಿಬಂದ ನಗು ಯಾರದೆಂದು ಅವಳಿಗೆ ಗೊತ್ತಾಯಿತು. ಬಾಯಿಗೆ ಬಾರದ ಮಾತೆಲ್ಲ ಪೆನ್ಸಿಲಿನ ತುದಿಗೆ ಹೇಗೆ ಬರುತ್ತಿದೆ...? ಎಂಟನೆಯ ಸಭೆ ಮುಗಿಯಿತು, ಒಂಬತ್ತನೆಯದೂ. ಉಳಿದವರು ಹಾಳೆ ನೋಡಿ ಹಲ್ಲು ಕಡಿದರೆ, ಅವಳು ಹಾಳೆಯ ಕೆಳಗಿನ ಖಾಲಿ ಜಾಗಕ್ಕಾಗಿ ಕಾಯುತ್ತಿದ್ದಳು. 'ಕಾಯಲಾಯಿತು' ಎಂದು ಡೈರಿಯಲ್ಲಿ ಬರೆದು ತಾನೇ ನಕ್ಕಳು.

ಒಂದು ದಿನ ಅಲ್ಲಿತ್ತು: 'ನೀವು ನಗೋದು ನಾನಿನ್ನೂ ನೋಡಿಲ್ಲ.'

ಅದನ್ನು ಎರಡನೇ ಸಲ ಓದುವಷ್ಟರಲ್ಲಿ ಕಾರಿಡಾರಿನಲ್ಲಿ ಮ್ಯಾನೇಜರ್ ಬೂಟಿನ ಸದ್ದು. ರಬ್ಬರ್ ತೆಗೆದು ಎಲ್ಲವನ್ನೂ ಉಜ್ಜಿ ಅಳಿಸಿಬಿಟ್ಟಳು.

ಆದರೆ ಆ ಬೂಟಿನ ಸದ್ದು ಕೇಳಿಸದಷ್ಟು ದೂರದಲ್ಲಿ ಒಲೆಯವನು ನಿಂತಿದ್ದ. ಅವನಿಗೆ ಕಂಡದ್ದು ಅವಳ ಕೈಯ ರಬ್ಬರ್ ಮತ್ತು ಬೆಳ್ಳನೆಯ ಹಾಳೆ ಮಾತ್ರ.

ಅಲ್ಲಿಂದಾಚೆ ಒಂದು ಗೆರೆಯೂ ಬೀಳಲಿಲ್ಲ.

"ಒಲೆಯವನಿಗೆ ಬೇರೆ ಊರಿನ ಬೇಕರಿಯವರು ಕರೆದಿದ್ದಾರಂತೆ," ಎಂದಳು ಪ್ಯಾಕಿಂಗ್ ಅಕ್ಕ. "ಹತ್ತನೇ ಮೀಟಿಂಗೂ ಹೀಗೇ ಆದ್ರೆ ಶನಿವಾರ ಗಂಟುಮೂಟೆ ಕಟ್ತೀನಿ ಅಂದ. ಹೋಗ್ಲಿ ಬಿಡು, ನಿಂಗೇನು?"

"ಹೂಂ," ಎಂದಳು ಅವಳು.

ಹತ್ತನೆಯ ಸಭೆ ಗುರುವಾರ.

"ಕುರ್ಚಿ ವಿಷಯ ತೀರ್ಮಾನ ಆಗ್ದೆ ನಾವು ಮುಂದೆ ಹೋಗಲ್ಲ," ಎಂದರು ಕಾರ್ಯದರ್ಶಿ.

"ಹೆಡ್ ಆಫೀಸಿಂದ ಒಂದು ಮಾತು ಬರ್ಬೇಕು," ಎಂದರು ಮ್ಯಾನೇಜರ್. "ಮುಂದೂಡೋಣ್ವಾ?"

"ಮುಂದೂಡೋಣ."

ಆ ಕೋಣೆಯಲ್ಲಿ ಬೇರೆ ಯಾವುದಕ್ಕೂ ಅವರಿಬ್ಬರು ಇಷ್ಟು ಬೇಗ ಒಪ್ಪಿದ್ದಿಲ್ಲ.

ಅವಳ ಪೆನ್ನು 'ಮುಂದೂಡ' ಎಂಬಲ್ಲಿಗೆ ಬಂದು ನಿಂತಿತು. ನಡೆದದ್ದನ್ನೇ ಬರೆದರೆ ಕೆಲಸ ಹೋಗಬಹುದು. ಬರೆಯದಿದ್ದರೆ...?

ಆ ಹಾಳೆ ಬದಿಗಿಟ್ಟು ಹೊಸದರಲ್ಲಿ ಬರೆದಳು: 'ಕಾರ್ಯದರ್ಶಿಯವರು ಕುರ್ಚಿಯ ಕೈಯ ಬಗ್ಗೆ ನಲವತ್ತು ನಿಮಿಷ ಮಾತನಾಡಿದರು. ಮ್ಯಾನೇಜರ್ ಮೂರು ಸಲ ಗಡಿಯಾರ ನೋಡಿದರು. ಸಂಬಳದ ಮಾತನ್ನು ಇಬ್ಬರೂ ಎತ್ತಲಿಲ್ಲ. ಇಬ್ಬರೂ ಸೇರಿ ಮುಂದೂಡಿದರು.'

ಮುಂದಿನ ತಾರೀಕು ಹುಡುಕುತ್ತಲೇ ಇಬ್ಬರೂ ಸಹಿ ಹಾಕಿದರು. ಎಂದಿನಂತೆ, ಓದದೆ.

ಶುಕ್ರವಾರ ಬೆಳಿಗ್ಗೆ ಪ್ಯಾಕಿಂಗ್ ಅಕ್ಕ ಅದನ್ನು ಗಟ್ಟಿಯಾಗಿ ಓದಿದಳು. ಎರಡು ಸಲ. ಗುಂಪು ಗೊಳ್ಳೆಂದು ನಕ್ಕಿತು.

"ಇದು ನಿಮ್ಮ ಸಹಿ ತಾನೆ, ಅಣ್ಣಾ?" ಎಂದು ಅಕ್ಕ ಕೇಳಿದಾಗ ಕಾರ್ಯದರ್ಶಿ ಕನ್ನಡಕ ಒರೆಸತೊಡಗಿದರು.

ಅರ್ಧ ಗಂಟೆಯಲ್ಲಿ ಕಾರ್ಖಾನೆಯ ಮೂಲೆಮೂಲೆಯಿಂದ ಕೈ ಇರುವ ಕುರ್ಚಿಗಳೆಲ್ಲ ಸಭಾಕೋಣೆಗೆ ಬಂದವು. ಮೊದಲನೆಯದನ್ನು ತಲೆಯ ಮೇಲೆ ಹೊತ್ತು ತಂದವನು ಒಲೆಯವನು.

"ಈಗ ಎಲ್ಲರ ಕುರ್ಚಿಗೂ ಕೈ ಇದೆ," ಎಂದಳು ಅಕ್ಕ. "ಕೂತ್ಕೊಂಡು ಸಂಬಳದ ಮಾತಾಡಿ. ಬಾಗಿಲ ಹತ್ರ ನಾವಿರ್ತೀವಿ."

ಸಂಜೆ ನಾಲ್ಕಕ್ಕೆ ಒಪ್ಪಂದಕ್ಕೆ ಸಹಿ ಬಿತ್ತು. ಈ ಸಲ ಇಬ್ಬರೂ ಪ್ರತಿ ಸಾಲನ್ನೂ ಓದಿದರು. ನಡಾವಳಿಯಲ್ಲಿ ಒಂದು ಸುಳ್ಳನ್ನೂ ತೋರಿಸಲಾಗದೆ, ಅವಳನ್ನು ಬೈಯುವ ಕೆಲಸವನ್ನು ಮ್ಯಾನೇಜರ್ ಮುಂದೂಡಿದರು.

ಎಲ್ಲರೂ ಹೋದ ಮೇಲೆ ಅವಳು ಬೋರ್ಡಿನ ಬಳಿ ಬಂದಳು. ಅವನು ಅಲ್ಲೇ ಇದ್ದ.

"ಲಾಯಿತು ಕೊನೆಗೂ ಕೆಲಸ ಬಿಟ್ಟರು," ಎಂದ. ನಗಲಿಲ್ಲ. "ನನ್ನ ಸಾಲು ಅಳಿಸಿದ್ದೂ ಅವರೇನಾ?"

ಅವಳು ಪೆನ್ಸಿಲ್ ತೆಗೆದು ಬರೆದಳು: 'ಮ್ಯಾನೇಜರ್ ಬರುತ್ತಿದ್ದರು. ಹೆದರಿದೆ.'

ಅವನು ಬಗ್ಗಿ ಆ ಸಾಲನ್ನು ಓದಿದ. "ನಾನು ಬೇರೆ ಅರ್ಥ ಮಾಡ್ಕೊಂಡೆ... ನಿನ್ನೆ ಸಂಜೆ ಆ ಬೇಕರಿಯವರಿಗೆ ಬರ್ತೀನಿ ಅಂದುಬಿಟ್ಟೆ. ಇಲ್ಲಿ ಸಂಬಳ ಏನೋ ಏರ್ತು. ಆದ್ರೆ ಇರಿ ಅನ್ನೋರು ಯಾರಿದ್ದಾರೆ?"

ಅವಳು ಮತ್ತೆ ಬರೆದಳು: 'ಹೋಗದಿರಲು ಕೋರಲಾಗಿದೆ.'

ಅವನ ತುಟಿಯಂಚಿನಲ್ಲಿ ನಗು ಮೂಡಿತು. ಮೆಲ್ಲನೆ ಕೇಳಿದ:

"ಕೋರಿದವರು ಯಾರು?"

ಅವಳು ಪೆನ್ಸಿಲನ್ನು ಬೋರ್ಡಿನ ಅಂಚಿನ ಮೇಲಿಟ್ಟಳು. ತಲೆಯೆತ್ತಿ ಅವನನ್ನೇ ನೋಡುತ್ತಾ ನಕ್ಕಳು.

"ನಾನು," ಎಂದಳು, ಕಾರಿಡಾರಿಗೆಲ್ಲ ಕೇಳುವಂತೆ. "ನನಗೆ ನೀವು ಬೇಕು."