ಬಾಬಿನ್ ಹೊತ್ತು ತಂದ ಗುಂಡಿ

"ಇದರಿಂದ ಹೊಗೆ ಬಂತು."

ಅವಳು ಅವನೊಂದಿಗೆ ಆಡಿದ ಮೊದಲ ಮಾತು ಇದು. ಬಿಡುವಿದೆಯೇ ಎಂದು ಕೇಳಲಿಲ್ಲ, ಕೂರಲೂ ಇಲ್ಲ. ರಿಪೇರಿ ಅಂಗಡಿಯ ಮೇಜಿನ ಮೇಲೆ ರಟ್ಟಿನ ಡಬ್ಬಿಯೊಂದನ್ನು ದಡಕ್ಕನೆ ಇಟ್ಟು, ತಪ್ಪೆಲ್ಲ ಅವನದೇ ಎನ್ನುವಂತೆ ಸೊಂಟದ ಮೇಲೆ ಕೈಯಿಟ್ಟು ನಿಂತಳು.

ಬಿಚ್ಚಿದ ಫ್ಯಾನಿನ ಮೇಲೆ ಬಾಗಿದ್ದ ಅವನು ತಲೆಯೆತ್ತಿದ. ಡಬ್ಬಿಯೊಳಗೆ ಎರಡು ಪುಟ್ಟ ಚಕ್ರ, ಎರಡು ಮೋಟಾರು, ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ಬೋರ್ಡು, ಸಿಕ್ಕುಸಿಕ್ಕಾದ ತಂತಿಗಳು. ಬೋರ್ಡನ್ನು ಎತ್ತಿ ಮೂಸಿ ನೋಡಿದ.

"ಬ್ಯಾಟರಿ ಉಲ್ಟಾ ಕೊಟ್ಟಿದೀರ. ಕೆಂಪು ತಂತಿ ಹೋಗಬೇಕಾದ ಕಡೆ ಕಪ್ಪು, ಕಪ್ಪು ಹೋಗಬೇಕಾದ ಕಡೆ ಕೆಂಪು."

"ತಂತಿಗೆ ಬಣ್ಣ ಚಂದಕ್ಕೆ ಕೊಟ್ಟಿರ್ತಾರೆ ಅಂದ್ಕೊಂಡೆ."

ಅವನು ನಕ್ಕುಬಿಟ್ಟ. ಸಣ್ಣಗೆ ಅಲ್ಲ, ಹೊಟ್ಟೆ ತುಂಬ.

ಅವಳಿಗೋ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. "ನಗಬೇಡಿ. ನಿಮ್ಮ ಶರ್ಟಲ್ಲಿ ಮೇಲಿಂದ ಎರಡನೇ ಗುಂಡಿ ಇಲ್ಲ. ನಾನು ನಕ್ಕೆನಾ?"

ಅವನ ಕೈ ತಾನಾಗಿಯೇ ಎದೆಯ ಮೇಲಿನ ಖಾಲಿ ಜಾಗ ಮುಟ್ಟಿ ನೋಡಿತು. ನಗು ನಿಂತಿತು. ಆದರೆ ಕಣ್ಣಲ್ಲಿ ಮಾತ್ರ ಇನ್ನೂ ಏನೋ ಉಳಿದಿತ್ತು.

"ನೀವು ಟೈಲರಾ?"

"ಹೂಂ."

"ಹಂಗಾದ್ರೆ ಕೈ ಪಳಗಿದೆ. ಬೇಗ ಕಲೀತೀರ. ಭಾನುವಾರ ಬೆಳಿಗ್ಗೆ ಅಂಗಡಿ ಮಹಡಿ ಮೇಲೆ ಒಂದು ಕ್ಲಾಸ್ ಮಾಡ್ತೀನಿ. ರೋಬೋ ಮಾಡೋ ಆಸೆ ಇರೋರಿಗೆ. ಬನ್ನಿ."

ಇಂಥವನ ಹತ್ತಿರ ಕಲಿಯೋದಾ... ಎಂದುಕೊಂಡೇ ಅವಳು ಮೆಟ್ಟಿಲಿಳಿದಳು. ಭಾನುವಾರ ಎಲ್ಲರಿಗಿಂತ ಮೊದಲು ಬಂದು ಕೂತವಳೂ ಅವಳೇ.

ಈ ಹುಚ್ಚು ಅವಳಿಗೆ ಹತ್ತಿದ್ದು ಅಪ್ಪನ ದೆಸೆಯಿಂದ. ಅಪ್ಪ ಅಂದರೆ ಸಾಮಾನ್ಯ ದರ್ಜಿಯಲ್ಲ. ಕೋಟು ಹೊಲಿಯುವುದರಲ್ಲಿ ಎತ್ತಿದ ಕೈ. ಊರೆಲ್ಲ ಅವರನ್ನು ಮಾಸ್ಟರ್ ಎಂದೇ ಕರೆಯುತ್ತಿತ್ತು. ಅಂಥ ಮಾಸ್ಟರಿಗೆ ಎಂಟು ತಿಂಗಳ ಹಿಂದೆ ಒಂದು ಮುಂಜಾನೆ ಲಕ್ವ ಹೊಡೆದು ಬಲಗೈ ಬಿದ್ದುಹೋಯಿತು. ಮಾತೂ ತಡವರಿಸಿತು. ಅಂದಿನಿಂದ ಅವರು ಕತ್ತರಿ ಇಟ್ಟಿದ್ದ ಮೇಜಿನ ಕಡೆ ಬೆನ್ನು ಹಾಕಿ ಕಿಟಕಿಯ ಬಳಿ ಕೂರತೊಡಗಿದರು.

"ಹೊಸದೇನಾದ್ರೂ ತೋರಿಸ್ತಾ ಇರಿ. ಮನಸ್ಸು ಎಚ್ಚರವಾಗಿರಲಿ," ಎಂದಿದ್ದರು ಡಾಕ್ಟರು.

ಅವಳು ಫೋನಿನಲ್ಲಿ ಹುಡುಕಿ ಹುಡುಕಿ, ನೆಲದ ಮೇಲಿನ ಕಪ್ಪು ಗೆರೆಯನ್ನು ಹಿಡಿದು ತಾನೇ ಓಡುವ ಪುಟ್ಟ ಗಾಡಿಯೊಂದನ್ನು ನೋಡಿದಳು. ಬಿಡಿಭಾಗಗಳನ್ನು ತರಿಸಿದಳು. ಅಪ್ಪನಿಗೆ ತೋರಿಸೋಣ ಎಂದು ಹೊರಟರೆ ಹೊಗೆ ಬಂದಿತ್ತು.

ಕ್ಲಾಸಿನಲ್ಲಿದ್ದವರು ಬೆರಳೆಣಿಕೆಯ ಜನ. ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರು, ಒಬ್ಬ ನರ್ಸ್, ಮತ್ತೆ ಅವಳು.

"ಮೊದಲನೇ ದಿನಾನೇ ರೋಬೋ ಮಾಡ್ತೀನಿ ಅಂದ್ರೆ ಹೊಗೇನೇ ಬರೋದು," ಎಂದ ಅವನು, ಅವಳ ಕಡೆ ನೋಡದೆ. "ಇವತ್ತು ಒಂದು ಸಣ್ಣ ದೀಪ ಹತ್ತಿಸಿ. ಸಾಕು. ಮುಂದಿನ ವಾರ ಒಂದು ಮೋಟಾರು ತಿರುಗಲಿ. ಆಮೇಲೆ ಗೆರೆ ನೋಡೋ ಕಣ್ಣು ಕೂರಿಸೋಣ."

ಅಪ್ಪ ಅವಳಿಗೆ ಹೊಲಿಗೆ ಕಲಿಸಿದ್ದೂ ಹೀಗೆಯೇ. ಮೂರು ತಿಂಗಳು ಚಿಂದಿ ಬಟ್ಟೆಯ ಮೇಲೆ ನೇರ ಗೆರೆ ಮಾತ್ರ. ಈ ಮೇಷ್ಟ್ರು ಪರವಾಗಿಲ್ಲ... ಎಂದುಕೊಂಡಳು.

ಬೆಸುಗೆ ಹಾಕುವ ದಿನ ಅವನು ಅವಳ ಪಕ್ಕದಲ್ಲೇ ನಿಂತು ತೋರಿಸಿದ. "ತವರ ಕರಗಿದ ಮೇಲೆ ಕಾದ ಕಡ್ಡಿನ ಹೀಗೆ ಎಳ್ಕೊಳಿ. ಎಳೆಯೋ ಕಡೆಗೆ ಒಂದು ಸಣ್ಣ ಮೂತಿ ವಾಲುತ್ತೆ ನೋಡಿ. ಅದನ್ನ ನೋಡಿದ್ರೆ ಯಾರ ಕೈಯಿ ಅಂತ ನಾನು ಹೇಳಬಲ್ಲೆ."

"ನಮ್ಮಲ್ಲೂ ಹಂಗೇ. ಅಪ್ಪ ಹೊಲಿದಿದ್ದನ್ನ ನೂರು ಬಟ್ಟೆ ಮಧ್ಯೆ ಇಟ್ರೂ ಗುರುತು ಹಿಡೀತೀನಿ."

ಅವಳು ಹಾಕಿದ ಆರು ಬೆಸುಗೆಗಳೂ ಬೆಲ್ಲದ ಉಂಡೆಗಳಂತೆ ದಪ್ಪ ದಪ್ಪ. ಆದರೇನು, ಗಾಡಿ ಓಡಿತು! ನೆಲಕ್ಕೆ ಅಂಟಿಸಿದ ಕಪ್ಪು ಟೇಪಿನ ಮೇಲೆ, ಮೂಲೆಯಲ್ಲಿ ತುಸು ತಡಬಡಿಸಿ, ಮತ್ತೆ ಸರಿದಾರಿ ಹಿಡಿದು ಓಡಿತು. ಹೊಲಿಗೆ ಮಿಷನ್ನಿನ ಹೊಟ್ಟೆಯೊಳಗೆ ದಾರ ಸುತ್ತಿಕೊಂಡು ತಿರುಗುವ ಬಾಬಿನ್ನಿನ ಹೆಸರನ್ನೇ ಅವಳು ಅದಕ್ಕಿಟ್ಟಳು. ಆ ದಿನ ಅವಳು ಅವನ ಮುಖ ನೋಡಿದಾಗ ಅವನು ಗಾಡಿಯನ್ನು ನೋಡುತ್ತಿರಲಿಲ್ಲ. ಅವಳನ್ನೇ ನೋಡುತ್ತಿದ್ದ.

ಅವಳ ಕೆನ್ನೆ ಬಿಸಿಯಾಯಿತು. ಆ ಶರ್ಟಿಗೆ ಇನ್ನೂ ಗುಂಡಿ ಹಾಕಿಲ್ಲವಲ್ಲ ಈ ಮನುಷ್ಯ... ಎಂದು ಬೇರೆ ಕಡೆ ತಿರುಗಿದಳು.

ಮನೆಯಲ್ಲೂ ಗಾಳಿ ಬದಲಾಗಿತ್ತು. ಅಪ್ಪ ದಿನಾ ಬೆಳಿಗ್ಗೆ, ಅವಳು ಹೊಲಿದ ಬಟ್ಟೆಗಳನ್ನು ತಲುಪಿಸಲು ಹೋಗುವ ಹೊತ್ತಿಗೆ, ವಾಕಿಂಗ್ ಹೊರಡುತ್ತಿದ್ದರು. ಎರಡು ಗಂಟೆ ಕಳೆದು ಬರುತ್ತಿದ್ದರು. ಊಟ ಸೇರುತ್ತಿತ್ತು. ಅವಳು ಮನಸ್ಸಿನಲ್ಲೇ ಡಾಕ್ಟರಿಗೆ ಕೈ ಮುಗಿದಳು. ಎರಡು ಗಂಟೆ ನಡೆಯುವವರ ಚಪ್ಪಲಿ ಅಷ್ಟು ಹೊಸದಾಗಿ ಉಳಿದೀತೇ ಎಂದು ಮಾತ್ರ ಅವಳಿಗೆ ಹೊಳೆಯಲಿಲ್ಲ.

ಎಡವಟ್ಟಾದದ್ದು ಅದರ ಮುಂದಿನ ತಿಂಗಳು. ವಾರವಿಡೀ ಕ್ಲಾಸಿನ ಕಪಾಟಿನಲ್ಲೇ ಇದ್ದ ಬಾಬಿನ್ನನ್ನು ಭಾನುವಾರ ನರ್ಸ್ ಎತ್ತಿ ಮಗುಚಿ ನೋಡಿದಳು.

"ಅಬ್ಬಾ, ಎಷ್ಟು ನೀಟಾಗಿ ಹಾಕಿದೀರ್ರೀ ಬೆಸುಗೆ! ಮಿಷನ್ ಹೊಲಿಗೆ ಇದ್ದಂಗಿದೆ."

ಅವಳು ನಗುತ್ತಲೇ ನೋಡಿದಳು. ಬೆಲ್ಲದ ಉಂಡೆಗಳು ಎಲ್ಲೂ ಇರಲಿಲ್ಲ. ಆರಕ್ಕೆ ಆರೂ ಹೊಸವು. ಚಿಕ್ಕವು, ದುಂಡಗಿನವು, ಅಚ್ಚುಕಟ್ಟಾದವು.

ಇವು ತನ್ನ ಕೈಯವಲ್ಲ.

"ಮೇಷ್ಟ್ರೇ, ಯಾರು ಇದನ್ನ ಮುಟ್ಟಿದ್ದು?"

ಅವನ ಮುಖದ ಬಣ್ಣ ಇಳಿಯಿತು. "ಅದು... ನಾನಲ್ಲ."

"ಕಪಾಟಿನ ಕೀ ನಿಮ್ಮ ಹತ್ತಿರ ಇರೋದು. ನೀವಲ್ಲ ಅಂದ್ರೆ ಯಾರು?"

ಅವನು ತಲೆ ತಗ್ಗಿಸಿದ. "ಹೇಳೋಕಾಗಲ್ಲ. ದಯವಿಟ್ಟು ಕೇಳಬೇಡಿ."

"ನಮ್ಮ ಅಂಗಡೀಲಿ ಒಂದು ನಿಯಮ ಇದೆ. ಒಬ್ಬರು ಹಾಕಿದ ಹೊಲಿಗೇನ ಅವರನ್ನ ಕೇಳದೆ ಇನ್ನೊಬ್ಬರು ಬಿಚ್ಚಬಾರದು. ಕೆಟ್ಟದಾಗಿದ್ರೂ ಸರಿ. ಅಪ್ಪ ಮಾಡಿದ ನಿಯಮ." ಅವಳು ಬಾಬಿನ್ನನ್ನು ನರ್ಸ್ ಕೈಯಿಂದ ಕಿತ್ತುಕೊಂಡಳು. "ನನ್ನ ಕೈಲಿ ಆಗಲ್ಲ ಅಂತ ಅನ್ನಿಸಿದ್ರೆ ಮುಖದ ಮೇಲೆ ಹೇಳಬೇಕಿತ್ತು. ನನ್ನನ್ನ ಗೊಂಬೆ ಮಾಡಿ ಆಡಿಸಬಾರದಿತ್ತು."

ಬಾಬಿನ್ನನ್ನು ಚೀಲಕ್ಕೆ ತುರುಕಿಕೊಂಡು ಹೊರಟೇಬಿಟ್ಟಳು. ಮೆಟ್ಟಿಲ ಬಳಿ ಅವಳ ಕಾಲು ನಿಧಾನವಾಯಿತು. ಕರೆಯುತ್ತಾನೇನೋ... ಅವನು ಕರೆಯಲಿಲ್ಲ.

ಮನೆಗೆ ಬಂದವಳೇ ಅಪ್ಪನ ಮುಂದೆ ಎಲ್ಲವನ್ನೂ ಕಾರಿಕೊಂಡಳು. "ನಿನ್ನ ನಿಯಮ ಮುರಿದವರ ಮುಖ ಇನ್ನು ನೋಡಲ್ಲ, ಅಪ್ಪ."

ಅಪ್ಪನ ತುಟಿ ಅಲುಗಿತು. ತಟ್ಟೆಯಲ್ಲಿದ್ದುದನ್ನು ಅರ್ಧಕ್ಕೇ ಬಿಟ್ಟು ಎದ್ದರು. ಮರುದಿನದಿಂದ ವಾಕಿಂಗ್ ನಿಂತಿತು. ಮತ್ತೆ ಕಿಟಕಿ, ಮತ್ತೆ ಮೇಜಿನ ಕಡೆ ಬೆನ್ನು.

ಆ ವಾರ ಅವಳ ಪಾಲಿಗೆ ವರ್ಷದಷ್ಟು ಉದ್ದವಾಯಿತು. ಕೋಪ ಎರಡೇ ದಿನಕ್ಕೆ ಮುಗಿದುಹೋಯಿತು. ಉಳಿದ ದಿನಗಳಲ್ಲಿ ಇದ್ದದ್ದು ಬರೀ ನೋವು. ಜೇಬು ಕೂರಿಸುವಾಗ, ಅಂಚು ಮಡಿಸುವಾಗ, ಆ ಖಾಲಿ ಗುಂಡಿಯ ಶರ್ಟೇ ಕಣ್ಣ ಮುಂದೆ. ನಾನು ಅವನನ್ನ ಇಷ್ಟಪಟ್ಟಿದ್ದೆ. ಅದಕ್ಕೇ ಇಷ್ಟು ಉರೀತಿದೆ... ಎಂದು ಒಪ್ಪಿಕೊಂಡ ಕ್ಷಣ ಅವಳಿಗೆ ಅಳು ಬಂತು.

ಭಾನುವಾರ ಬಂತು. ಕ್ಲಾಸಿಗೆ ಹೋಗುವ ಹೊತ್ತಿಗೆ ಅವಳು ಬಾಬಿನ್ನನ್ನು ಕತ್ತರಿಸುವ ಮೇಜಿನ ಮೇಲೆ ಅಂಗಾತ ಮಲಗಿಸಿದಳು. ಆರು ಬೆಸುಗೆಯನ್ನೂ ಬಿಚ್ಚಿ ತಾನೇ ಹಾಕುವುದೆಂದು ಹಟ. ಅಪ್ಪ ಸೂಜಿಗೆ ದಾರ ಪೋಣಿಸಲು ಬಳಸುತ್ತಿದ್ದ ಭೂತಗನ್ನಡಿಯನ್ನು ಹಿಡಿದು ಬಾಗಿದಳು.

ಕೈ ಅಲ್ಲೇ ನಿಂತಿತು.

ತವರದ ಮೂತಿಗಳು ಎಡಕ್ಕೆ ವಾಲಿದ್ದವು. ಒಂದಲ್ಲ, ಎರಡಲ್ಲ, ಆರೂ.

ಬಲಗೈಯಲ್ಲಿ ಎಳೆದಿದ್ದರೆ ಅವು ಬಲಕ್ಕೆ ವಾಲಬೇಕಿತ್ತು. ಅವನು ಬಲಗೈಯವನು. ಅವಳೂ ಬಲಗೈಯವಳೇ. ಪೋಸ್ಟ್‌ಮ್ಯಾನ್, ನರ್ಸ್... ಎಲ್ಲರೂ ಬಲಗೈಯವರೇ. ಎಡಗೈಯಲ್ಲಿ ಕೆಲಸ ಮಾಡುವವರು, ಅದೂ ಇಷ್ಟು ಅಚ್ಚುಕಟ್ಟಾಗಿ...

ಅವಳು ನಿಧಾನವಾಗಿ ಕಿಟಕಿಯ ಕಡೆ ತಿರುಗಿದಳು.

ಅಪ್ಪ ಅವಳನ್ನೇ ನೋಡುತ್ತಿದ್ದರು. ಯಾವಾಗಿನಿಂದ ನೋಡುತ್ತಿದ್ದರೋ. ಎಡಗೈಯನ್ನು ಮಡಿಲಿನಿಂದ ಎತ್ತಿ, ಶಾಲೆಯಲ್ಲಿ ಏಟಿಗೆ ಕೈ ಚಾಚುವ ಹುಡುಗನಂತೆ ಮುಂದೆ ಚಾಚಿದರು. ತೋರುಬೆರಳಿನ ತುದಿಯಲ್ಲಿ ಸುಟ್ಟು ಮಾಗಿದ ಸಣ್ಣ ಕಲೆ.

"ಬೀಳಿಸಿಬಿಟ್ಟೆ... ಮಗಳೇ. ನಿಂದು. ಎಲ್ಲ... ಕಿತ್ತುಹೋಯ್ತು." ಒಂದೊಂದು ಮಾತಿಗೂ ಅವರು ಉಸಿರು ಹುಡುಕುತ್ತಿದ್ದರು. "ನಾನೇ ಹಾಕಿದೆ. ನಿಯಮ... ನಾನೇ ಮುರಿದೆ."

"ನೀನು... ದಿನಾ ಬೆಳಿಗ್ಗೆ ಅಲ್ಲಿಗೆ ಹೋಗ್ತಿದ್ಯಾ?"

"ಎಡಗೈಲಿ... ಕಲಿಯೋಕೆ. ಚೆನ್ನಾಗಿ ಬಂದ ಮೇಲೆ... ನಿಂಗೆ ತೋರಿಸೋಣ ಅಂತ. ಹೇಳಬೇಡ ಅಂತ... ಅವನ ಹತ್ರ ಮಾತು ತಗೊಂಡಿದ್ದೆ." ಕಣ್ಣಂಚು ಒದ್ದೆಯಾಯಿತು. "ಪಾಪ... ನನ್ನ ಮಾನ ಉಳಿಸೋಕೆ ಬೈಸ್ಕೊಂಡ."

ಅವಳು ಅಪ್ಪನ ಕಾಲ ಬಳಿ ಕುಸಿದು ಕೂತಳು. ಆ ಎಡಗೈಯನ್ನು ತನ್ನ ಎರಡೂ ಕೈಗಳಲ್ಲಿ ಹಿಡಿದು ಅತ್ತಳು. ನೂರು ಬಟ್ಟೆಗಳ ನಡುವೆ ಅಪ್ಪನ ಕೈ ಗುರುತಿಸುತ್ತೇನೆ ಎಂದು ಕೊಚ್ಚಿಕೊಂಡವಳು, ಕಣ್ಣೆದುರಿಗೇ ಇದ್ದ ಅಪ್ಪನ ಕೈಯನ್ನು ಗುರುತಿಸದೇ ಹೋಗಿದ್ದಳು. ಸತ್ತಿತು ಎಂದುಕೊಂಡಿದ್ದ ಕೈಚಳಕ ಎಡಕ್ಕೆ ದಾಟಿ ಬದುಕಿಕೊಂಡಿತ್ತು. ಅವಳಿಗೆ ನಾಚಿಕೆ, ಸಂತೋಷ ಎರಡೂ ಒಟ್ಟಿಗೇ ನುಗ್ಗಿ ಬಂದವು.

"ಒಂದು ವಿಷಯ ಹೇಳಲಾ ಅಪ್ಪ? ನನ್ನ ಬಲಗೈಗಿಂತ ನಿನ್ನ ಎಡಗೈನೇ ವಾಸಿ."

ಕೈ ಬಿದ್ದ ಮೇಲೆ ಮೊದಲ ಸಲ ಅಪ್ಪ ಸದ್ದು ಮಾಡಿ ನಕ್ಕರು. ಆಮೇಲೆ ಬಿಳಿ ಲೈನಿಂಗ್ ಬಟ್ಟೆಯ ಒಂದು ಸುರುಳಿಯನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಎದ್ದು ನಿಂತರು. "ನಡಿ... ಕ್ಷಮೆ ಕೇಳೋದಿದೆ. ಇಬ್ಬರೂ."

ಕ್ಲಾಸು ಮುಗಿದಿತ್ತು. ಮಹಡಿಯ ಕೋಣೆಯಲ್ಲಿ ಅವನೊಬ್ಬನೇ ತಂತಿಯ ಚೂರುಗಳನ್ನು ಗುಡಿಸುತ್ತಿದ್ದ. ಬಾಬಿನ್ ಹಿಡಿದು ಬಂದ ಅವಳನ್ನು ಕಂಡು ಪೊರಕೆ ಹಿಡಿದೇ ನಿಂತ.

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತುಗಳೆಲ್ಲ ಅವಳಿಗೆ ಮರೆತೇಹೋದವು.

"ಎಡಕ್ಕೆ ವಾಲಿತ್ತು," ಎಂದಳು. "ಮೂತಿ. ಈಗ ನೋಡಿದೆ."

ಅವನು ಉಸಿರು ಬಿಟ್ಟ. ಹಿಂದೆ ನಿಂತಿದ್ದ ಮಾಸ್ಟರನ್ನು ನೋಡಿದ. ಅವರು ತಲೆಯಾಡಿಸಿದರು.

"ನಾನು ಎಷ್ಟೊಂದು ಮಾತಾಡಿಬಿಟ್ಟೆ... ಎಲ್ಲರ ಮುಂದೆ. ಒಂದೇ ಒಂದು ಮಾತು ಹೇಳಿದ್ರೆ ನಾನು ಸುಮ್ಮನಾಗ್ತಿದ್ದೆ. ಯಾಕೆ ಹೇಳಲಿಲ್ಲ?"

"ಮಾಸ್ಟರ್ ಮೊದಲನೇ ದಿನ ಬಂದಾಗ ಕಡ್ಡಿ ಹಿಡಿಯೋಕೂ ಆಗ್ತಿರಲಿಲ್ಲ," ಎಂದ ಅವನು. "ಮೂವತ್ತು ಸಲ ಬೀಳಿಸಿದ್ರು. ಮೂವತ್ತು ಸಲ ಎತ್ಕೊಂಡ್ರು. ಇಷ್ಟು ಕಷ್ಟಪಟ್ಟಿದ್ದನ್ನ ನಿಮಗೆ ಹೇಳೋ ಹಕ್ಕು ಅವರದ್ದು. ನಂದಲ್ಲ."

"ನಾನು ವಾಪಸ್ ಬರದೇ ಇದ್ದಿದ್ರೆ?"

ಅವನು ಪೊರಕೆಯನ್ನು ಗೋಡೆಗೆ ಒರಗಿಸಿದ. "ಈ ವಾರ ಪೂರ್ತಿ ಅದನ್ನೇ ಯೋಚಿಸ್ತಿದ್ದೆ. ಒಂದು ಫ್ಯಾನೂ ರಿಪೇರಿ ಆಗಲಿಲ್ಲ."

ಅವಳಿಗೆ ಕಣ್ಣು ತುಂಬಿ ಬಂತು. "ನಾನು ಅಪ್ಪನಿಗೆ ಏನಾದ್ರೂ ತೋರಿಸೋಣ ಅಂತ ಬಂದೆ. ನೀವು ಅಪ್ಪನ್ನೇ ನಂಗೆ ವಾಪಸ್ ಕೊಟ್ರಿ. ಇದಕ್ಕೆ ಥ್ಯಾಂಕ್ಸ್ ಅಂದ್ರೆ ಸಾಲಲ್ಲ. ಬೇರೆ ಮಾತು ನಂಗೆ ಗೊತ್ತಿಲ್ಲ."

"ನಾನೂ ಹೇಳಬೇಕು. ಅವತ್ತು ನೀವು ತಂತಿ ಉಲ್ಟಾ ಕೊಟ್ಟಿದ್ದಕ್ಕೆ."

ಇಷ್ಟು ಹೊತ್ತಿಗೆ ಮಾಸ್ಟರ್ ಬಟ್ಟೆಯ ಸುರುಳಿಯನ್ನು ನೆಲಕ್ಕೆ ಹಾಸಿ, ಮಂಡಿಯೂರಿ ಕೂತು, ಎಡಗೈಯಲ್ಲಿ ಕಪ್ಪು ಮಾರ್ಕರ್ ಹಿಡಿದಿದ್ದರು. ಅವನು ನಿಂತಲ್ಲಿಂದ ಶುರುಮಾಡಿ ಮಗಳು ನಿಂತಲ್ಲಿಗೆ ಒಂದು ಗೆರೆ ಎಳೆದರು. ಜೀವಮಾನವಿಡೀ ಕೂದಲೆಳೆ ತಪ್ಪದೆ ಗೆರೆ ಎಳೆದವರು. ಈ ಗೆರೆ ಮೂರು ಕಡೆ ಸೊಟ್ಟಗಾಯಿತು.

"ಸೊಟ್ಟ..." ಎಂದರು ಸಂಕೋಚದಿಂದ.

"ಇರಲಿ ಅಪ್ಪ. ಬಾಬಿನ್‌ಗೆ ನೀನೆಳೆದದ್ದೇ ದಾರಿ."

ಮಾಸ್ಟರ್ ಎದ್ದು ಇಬ್ಬರ ಮುಖವನ್ನೂ ಒಮ್ಮೆ ನೋಡಿದರು. "ನಾನು... ಕೆಳಗೆ ಕೂತಿರ್ತೀನಿ. ಅವಸರ ಏನಿಲ್ಲ," ಎಂದು ಮೆಟ್ಟಿಲಿಳಿದರು.

ಅವನು ಬಾಬಿನ್ನನ್ನು ಅವಳ ಕೈಯಿಂದ ತೆಗೆದುಕೊಂಡ. ಮೇಜಿನ ಡ್ರಾಯರ್ ಎಳೆದು ಏನನ್ನೋ ಅದರ ಬೆನ್ನ ಮೇಲಿಟ್ಟು, ಗೆರೆಯ ತುದಿಯಲ್ಲಿ ಬಿಟ್ಟ. ಅದು ಅಪ್ಪನ ಸೊಟ್ಟ ಗೆರೆಯನ್ನು ಒಂದಿಷ್ಟೂ ಬಿಡದೆ, ಬಾಗಿದಲ್ಲಿ ಬಾಗುತ್ತಾ, ತಿರುಗಿದಲ್ಲಿ ತಿರುಗುತ್ತಾ ಬಂದು ಅವಳ ಕಾಲ ಬಳಿ ನಿಂತಿತು.

ಬೆನ್ನ ಮೇಲೊಂದು ಶರ್ಟಿನ ಗುಂಡಿ.

"ಇದು ನಿಮ್ಮ ಹತ್ತಿರಾನೇ ಇತ್ತಾ?"

"ನೀವು ಗುಂಡಿ ಇಲ್ಲ ಅಂದ ದಿನ ಸಂಜೆನೇ ಸಿಕ್ತು. ಹೊಲಿಸಿಬಿಟ್ರೆ ನೀವು ಈ ಕಡೆ ನೋಡೋದೇ ನಿಲ್ಲಿಸ್ತೀರೇನೋ ಅಂತ ಭಯ ಆಯ್ತು." ಅವನು ತಡವರಿಸಿದ. "ನಿಮ್ಮನ್ನ ಇಷ್ಟಪಡ್ತೀನಿ. ಮೊದಲನೇ ದಿನ ಬೈದಿರಲ್ಲ... ಆವತ್ತಿಂದ."

ಅವಳು ಚೀಲದಿಂದ ಸೂಜಿ ದಾರ ತೆಗೆದಳು. ಅದಿಲ್ಲದೆ ಅವಳು ಎಲ್ಲಿಗೂ ಹೋಗುವವಳಲ್ಲ.

"ಶರ್ಟು ಬಿಚ್ಚಬೇಕಾ?"

"ಬೇಡ. ಅಲ್ಲಾಡದೆ ನಿಂತ್ಕೊಳಿ, ಸಾಕು."

ನಾಲ್ಕು ಸುತ್ತಿನಲ್ಲಿ ಮುಗಿಸಬಹುದಾಗಿದ್ದ ಗುಂಡಿಗೆ ಅವಳು ಹತ್ತು ಸುತ್ತು ದಾರ ಹಾಕಿದಳು. ಅವನ ಎದೆಬಡಿತ ಅವಳ ಬೆರಳಿಗೆ ತಾಗುತ್ತಿತ್ತು.

"ಮೇಷ್ಟ್ರೇ..."

"ಹೂಂ?"

"ನಂಗೂ ಇಷ್ಟ. ಉರಿದುಹೋಗುವಷ್ಟು ಕೋಪ ಬಂದಾಗಲೇ ಗೊತ್ತಾಯ್ತು."

ಅವನು ಮೆಲ್ಲಗೆ ಕೇಳಿದ. "ಇನ್ನೊಂದು ಗುಂಡಿ ಕಿತ್ತುಬಂದ್ರೆ?"

ಅವಳು ದಾರವನ್ನು ಹಲ್ಲಿನಿಂದ ಕಡಿದು, ಗುಂಡಿಯನ್ನು ಒಮ್ಮೆ ಎಳೆದು ನೋಡಿದಳು.

"ನಾನಿದೀನಲ್ಲ," ಎಂದಳು.